ಟವೆಲ್ ಹೊದಿಸಿದ ಡ್ರಮ್

ಮಾರ್ಚ್ 4, ಸೋಮವಾರ. ಬೆಳಗ್ಗೆ

ಅಭ್ಯಾಸ ಮುಗಿಯಿತು. ಅಡುಗೆಮನೆಯ ಮೇಜಿನ ಮೇಲೆ ರಬ್ಬರ್ ಹಲಗೆ, ಕೈಯಲ್ಲಿ ಸ್ಟಿಕ್ಕು, ಬಾಯಲ್ಲಿ ಹಾಡು. ಕೆಳಗಿನ ಮನೆಯವರಿಗೆ ಕೇಳಿಸುವುದಿಲ್ಲ. ಅಮ್ಮನಿಗೆ ಕೇಳಿಸುತ್ತದೆ.

"ಕೈ ಏನಾದ್ರೂ ಮಾಡ್ಕೊಳ್ಲಿ, ಕಾಲನ್ನಾದ್ರೂ ಸುಮ್ನೆ ಇಡೇ. ಕಾಫಿ ಚೆಲ್ತಿದೆ."

ಸುಮ್ಮನೆ ಇಡಲು ಬರುವುದಿಲ್ಲ. ಹಾಡು ಬಾಯಿಗೆ ಬಂದರೆ ಬಲಗಾಲು ತಾನಾಗಿ ಹೊರಡುತ್ತದೆ. ಯಾವುದು ಯಾವುದನ್ನು ಎಳೆದುಕೊಂಡು ಹೋಗುತ್ತದೋ, ಇಷ್ಟು ವರ್ಷವಾದರೂ ಗೊತ್ತಾಗಿಲ್ಲ. ನಲವತ್ತಮೂರು ವಯಸ್ಸು. ಬ್ಯಾಂಡಿನಲ್ಲಿ ಡ್ರಮ್ಸ್ ಬಾರಿಸುವವಳೂ ನಾನೇ, ಹಾಡುವವಳೂ ನಾನೇ. ಜನ ನನ್ನ ಮುಖ ನೋಡಿದ್ದು ಕಡಿಮೆ. ಸಿಂಬಲ್ ತಟ್ಟೆಗಳ ಸಂದಿಯಲ್ಲಿ ಒಂದು ಕಣ್ಣು, ಅರ್ಧ ಮೂಗು ಕಂಡರೆ ಹೆಚ್ಚು.

ಮ್ಯಾನೇಜರ್ ಫೋನ್ ಮಾಡಿದ್ದಳು. ನಾಳೆ ಆಫೀಸಿಗೆ ಬನ್ನಿ, ಒಬ್ಬರೇ ಬನ್ನಿ ಎಂದಳು. ಒಬ್ಬರೇ ಯಾಕೆ? ಅಣ್ಣನಿಲ್ಲದೆ ನಾನು ಯಾವ ಮಾತುಕತೆಗೆ ಹೋಗಿದ್ದೇನೆ? ಬೇಸ್ ಗಿಟಾರ್ ನುಡಿಸುವುದು ಅವನು, ಬ್ಯಾಂಡ್ ಕಟ್ಟಿದ್ದೂ ಅವನೇ. ಬಟ್ಟೆ ಯಾವುದು ಹಾಕಿಕೊಳ್ಳಲಿ ಎಂದು ಅಮ್ಮನನ್ನು ಕೇಳಿದೆ. "ಆ ಕಾಲು ಕಟ್ಟಿಹಾಕೋದು ಯಾವುದಾದ್ರೂ ಇದ್ರೆ ಹಾಕ್ಕೋ" ಎಂದಳು.

ಮಾರ್ಚ್ 5. ಮಧ್ಯಾಹ್ನ

ಮ್ಯಾನೇಜರ್ ಆಫೀಸು ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಮೇಲೆ. ಮಾತಿನ ಮಧ್ಯೆ ಮಧ್ಯೆ ಕೆಳಗಿನಿಂದ ಕೊರೆಯುವ ಸದ್ದು. ವಿಷಯ ಇಷ್ಟು: ರೆಕಾರ್ಡ್ ಕಂಪನಿಯವರು ನಮ್ಮ ಹಾಡು ಹೊರತರಲು ಒಪ್ಪಿದ್ದಾರೆ. ಆಮೇಲೆ ಊರೂರು ಸುತ್ತಿ ದೊಡ್ಡ ಹಾಲ್‌ಗಳಲ್ಲಿ ಕಾರ್ಯಕ್ರಮ. ಒಂದೇ ಷರತ್ತು. ನಾನು ಡ್ರಮ್ಸ್ ಬಿಟ್ಟು ಎದ್ದು ಮುಂದೆ ಬರಬೇಕು. ನಿಂತು ಹಾಡಬೇಕು. ಡ್ರಮ್ಸಿಗೆ ಬೇರೊಬ್ಬನನ್ನು ಅವರೇ ಗೊತ್ತುಮಾಡಿದ್ದಾರೆ.

"ಹಾಡೋರು ಎಲ್ಲಿದಾರೆ ಅಂತ ಜನ ಹುಡುಕ್ತಾರೆ ಮೇಡಂ. ಹುಡುಕೋ ಹಾಗೆ ಮಾಡಬಾರದು."

ನಿಜ. ಶುರುವಿನಲ್ಲೂ ಹೀಗೇ ಆಗಿತ್ತು. ಆಗ ಹೋಟೆಲಿನಲ್ಲಿ, ಊಟ ಮಾಡುವವರ ಮುಂದೆ ಬಾರಿಸುತ್ತಿದ್ದೆವು. ಹಾಡುವವನು ಒಂದು ಸಂಜೆ ಹೇಳದೆ ಕೇಳದೆ ಕೈಕೊಟ್ಟ. ಅಣ್ಣ ಮೈಕ್ ತಂದು ನನ್ನ ಬಾಯಿಗೆ ಹಿಡಿದು, "ಹಾಡೇ, ಮಾನ ಉಳಿಸು" ಎಂದ. ಹಾಡಿದೆ. ಒಬ್ಬರು ವಯಸ್ಸಾದವರು ಚಮಚ ಹಿಡಿದುಕೊಂಡೇ ಎದ್ದು ಬಂದು ಪರದೆ ಸರಿಸಿ ನೋಡಿದರು, ಹಾಡುವವರು ಒಳಗೆ ಅಡಗಿದ್ದಾರೇನೋ ಎಂದು. ಅಲ್ಲಿಂದ ಇಲ್ಲಿಯವರೆಗೆ — ಹೋಟೆಲು, ಮದುವೆ, ಕಾಲೇಜು, ಒಂದು ಸಲ ಹಡಗು ಕೂಡ — ಕೂತೇ ಹಾಡಿದ್ದು.

ಯೋಚಿಸಿ ಹೇಳುತ್ತೇನೆ ಎಂದು ಬಂದೆ. ಏನು ಯೋಚಿಸಬೇಕೋ ಅದೂ ತಿಳಿಯುತ್ತಿಲ್ಲ. ಖುಷಿಯಾಯಿತು ಎಂದು ಬರೆಯಲು ಪೆನ್ನು ಎತ್ತಿದೆ. ಬರೆಯಲು ಕೈ ಬರುತ್ತಿಲ್ಲ.

ಮಾರ್ಚ್ 7

ಅಣ್ಣನಿಗೆ ಹೇಳಿದೆ. ಅವನ ಮನೆ ಮೆಟ್ಟಿಲ ಮೇಲೆ ಕೂತು ಗಿಟಾರಿನ ತಂತಿ ಬದಲಾಯಿಸುತ್ತಿದ್ದ.

"ಹೋಗು, ಮುಂದೆ ನಿಂತ್ಕೋ. ಯಾರು ಬೇಡ ಅಂದ್ರು?"

"ಏನ್ ಮಾಡ್ಲಿ ಹೇಳಣ್ಣಾ."

"ನಿನ್ನ ಬಾಯಿ, ನಿನ್ನ ಕಾಲು. ನನ್ನ ಕೇಳಿದ್ರೆ?" ತಂತಿ ತಿರುಚಿ ಬಿಗಿಮಾಡಿದ. ಆಮೇಲೆ, "ನಾನು ಯಾರ ಭುಜ ನೋಡ್ಕೊಂಡು ನುಡಿಸ್ಲಿ ಅನ್ನೋದೊಂದೇ."

ಅವನು ನನ್ನ ಡ್ರಮ್ಸ್ ಕೇಳಿ ನುಡಿಸುವುದಿಲ್ಲ, ನೋಡಿ ನುಡಿಸುತ್ತಾನೆ. ಏಟು ಬೀಳುವ ಮೊದಲು ನನ್ನ ಎಡಭುಜ ಕೊಂಚ ಇಳಿಯುತ್ತದಂತೆ. ನಾವು ನುಡಿಸುವ ಫಂಕ್ ಸಂಗೀತ ಅಂದರೇನು ಎಂದು ಕೇಳಿದವರಿಗೆ ಅವನ ಉತ್ತರ ಯಾವಾಗಲೂ ಒಂದೇ: ನಾಲ್ಕು ಎಣಿಕೆ, ಒಂದು ಅನ್ನುವಾಗ ಎಲ್ಲರೂ ಮನೆಯಲ್ಲಿರಬೇಕು, ಮಿಕ್ಕ ಮೂರಕ್ಕೆ ಯಾರು ಎಲ್ಲಿ ಬೇಕಾದರೂ ತಿರುಗಾಡಿ ಬರಬಹುದು.

ರೆಕಾರ್ಡಿಂಗ್ ಮಟ್ಟಿಗೆ ಒಪ್ಪಿಕೊಳ್ಳುವುದು, ಕಾರ್ಯಕ್ರಮದ ಮಾತು ಆಮೇಲೆ ಎಂದು ತೀರ್ಮಾನವಾಯಿತು. ತೀರ್ಮಾನ ಯಾರದು? ಅವನು ನನ್ನದೆಂದುಕೊಂಡ, ನಾನು ಅವನದೆಂದುಕೊಂಡೆ... ಹಾಗೇ ಎದ್ದು ಬಂದೆ.

ಮಾರ್ಚ್ 15. ಸ್ಟುಡಿಯೋ ಮುಗಿಸಿ ಬಂದು

ಹೊಸ ಡ್ರಮ್ಮರನ್ನು ನೋಡಿದೆ. ಮೂವತ್ತರ ಆಸುಪಾಸು. ಇಸ್ತ್ರಿ ಮಾಡಿದ ಶರ್ಟು. ಕೂರುವ ಸ್ಟೂಲನ್ನೂ ಮನೆಯಿಂದಲೇ ತಂದಿದ್ದ. ತಾಳ ತಪ್ಪದಿರಲು ಕಿವಿಗೆ ಟಿಕ್ ಟಿಕ್ ಹಾಕಿಕೊಂಡು ಬಾರಿಸಿದ. ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಅಣ್ಣ ಅಲ್ಲೇ ಹೆಸರಿಟ್ಟ — ಗಡಿಯಾರ. ಎದುರಿಗೇ. ಅವನು ಹೊಗಳಿಕೆ ಎಂದು ತಿಳಿದು ಥ್ಯಾಂಕ್ಸ್ ಎಂದ. ನನ್ನನ್ನು ಅಕ್ಕಾ ಎನ್ನುತ್ತಾನೆ. ದ್ವೇಷ ಮಾಡೋಣ ಎಂದರೆ ಕಾರಣವೇ ಸಿಗುವುದಿಲ್ಲ.

ಬೆಳಗ್ಗೆ ಅವನೂ ಅಣ್ಣನೂ ತಮ್ಮ ಭಾಗ ಮುಗಿಸಿದರು. ಮಧ್ಯಾಹ್ನ ನನ್ನ ಸರದಿ. ಗಾಜಿನ ಪೆಟ್ಟಿಗೆಯಂಥ ಕೋಣೆ, ನಿಂತು ಹಾಡಬೇಕು. ಹಾಡಿದೆ. ಗಾಜಿನ ಆಚೆಯಿಂದ ಇಂಜಿನಿಯರ್, "ಯಾರೋ ಬಾಗಿಲು ಬಡೀತಿದಾರೆ, ನೋಡ್ರೋ" ಎಂದ. ಬಾಗಿಲಲ್ಲ ಮಾರಾಯ, ನನ್ನ ಕಾಲು. ಕೆಳಗೆ ಕಂಬಳಿ ಹಾಸಿದರು. ಆಮೇಲೆ ದಿಂಬು. ದಿಂಬಿನ ಮೇಲೆ ನಿಂತರೆ ವಾಲುತ್ತೇನೆ. "ಕಾಲು ಆಡಿಸ್ಬೇಡಿ ಮೇಡಂ, ಒಂದೇ ಒಂದು ಸಲ." ಬಿಗಿಹಿಡಿದೆ. ಧ್ವನಿ ಬಂತು, ಆದರೆ ಪ್ರತಿ ಸಾಲೂ ತಡ. ಬಸ್ಸು ತಪ್ಪಿಸಿಕೊಂಡವಳ ಹಾಗೆ ಹಾಡಿನ ಹಿಂದೆ ಓಡಿದೆ. ಎಷ್ಟು ಸಲ ಹಾಡಿಸಿದರೋ. ಕೊನೆಗೆ ಗಂಟಲೂ ಮುಷ್ಕರ ಹೂಡಿತು.

"ಸ್ವರ ಸರಿಯಿದೆ ಮೇಡಂ. ಜಾಗ ತಪ್ಪು" ಎಂದ ಇಂಜಿನಿಯರ್.

ನಾಚಿಕೆಯಿಂದ ಸತ್ತೆ. ಇಷ್ಟು ವರ್ಷ ಹಾಡಿದವಳಿಗೆ ಹಾಡಲು ಬರುವುದಿಲ್ಲವೇ? ಅಥವಾ ಇಷ್ಟು ದಿನ ಹಾಡಿದ್ದು ಕಾಲೇ? ತಲೆ ಕೆಟ್ಟು ಮೊಸರಾಗಿದೆ.

ಮಾರ್ಚ್ 16

ಇಂಜಿನಿಯರ್ ಒಳ್ಳೆಯ ಮನುಷ್ಯ. ಇವತ್ತು ನಾನು ಹೋಗುವಷ್ಟರಲ್ಲಿ ಗಾಜಿನ ಕೋಣೆಯೊಳಗೆ ಹಳೇ ಡ್ರಮ್ ಸೆಟ್ಟು ತಂದಿಟ್ಟಿದ್ದ. ಮಂಡಿಗಳ ನಡುವೆ ಇಟ್ಟು ಸ್ಟಿಕ್ಕಿನಲ್ಲಿ ಹೊಡೆಯುವ ಸ್ನೇರ್ ಡ್ರಮ್ಮಿಗೆ ದಪ್ಪ ಟವೆಲ್ ಹೊದಿಸಿದ್ದ. ಕಾಲಲ್ಲಿ ಹೊಡೆಯುವ ದೊಡ್ಡ ಡ್ರಮ್ಮಿನೊಳಗೆ ದಿಂಬು ತುರುಕಿದ್ದ. ಸಿಂಬಲ್ಲಿಗೆ ಬಟ್ಟೆ ಸುತ್ತಿದ್ದ. ಮನೆಮಂದಿಗೆಲ್ಲ ಜ್ವರ ಬಂದ ಹಾಗಿತ್ತು.

"ಹೊಡ್ಕೊಳ್ಳಿ ಮೇಡಂ, ಸದ್ದು ಬರಲ್ಲ. ಬಂದಷ್ಟನ್ನ ಆಮೇಲೆ ತೆಗೀತೀವಿ." ಎಷ್ಟು ಬರುತ್ತದೆ ನೋಡಲು ಮೊಣಕಾಲ ಹತ್ತಿರ ಇನ್ನೊಂದು ಮೈಕ್ ಇಟ್ಟ.

ಕಿವಿ ತುಂಬ ಹೆಡ್‌ಫೋನು, ಅದರಲ್ಲಿ ಗಡಿಯಾರನ ಡ್ರಮ್ಸು ಜೋರಾಗಿ. ನನ್ನ ಕೈ ಏನು ಮಾಡಿತೋ ನನಗೆ ಕೇಳಿಸಲಿಲ್ಲ. ಕೇಳಿಸಬೇಕಾಗಿಯೂ ಇರಲಿಲ್ಲ. ಹಾಡು ಒಂದೇ ಸಲಕ್ಕೆ ಬಂತು, ಹಲ್ಲುನೋವು ಇದ್ದಕ್ಕಿದ್ದಂತೆ ನಿಂತ ಹಾಗೆ. ಕಣ್ಣು ಬಿಟ್ಟರೆ ಗಾಜಿನ ಆಚೆ ಇಂಜಿನಿಯರ್ ಎದ್ದು ನಿಂತಿದ್ದಾನೆ, ಮ್ಯಾನೇಜರ್ ಬಾಯಿಗೆ ಕೈ ಅಡ್ಡ ಹಿಡಿದಿದ್ದಾಳೆ. ಅಷ್ಟು ಚೆನ್ನಾಗಿ ಹಾಡಿದೆನೇ? ಕೇಳಿದೆ. "ಚೆನ್ನಾಗಿದೆ, ತುಂಬಾ ಚೆನ್ನಾಗಿದೆ" ಎಂದು ಮುಖ ಮುಖ ನೋಡಿಕೊಂಡರು. ನನಗೆ ನಗು ಬಂತು. ಬಹಳ ದಿನದ ಮೇಲೆ ಹೊಟ್ಟೆ ತುಂಬ ಉಂಡೆ.

ಮಾರ್ಚ್ 22

ಅಣ್ಣನನ್ನು ಮತ್ತೆ ಸ್ಟುಡಿಯೋಗೆ ಕರೆಸಿದ್ದರು. ಬೇಸ್ ಮೊದಲಿಂದ ನುಡಿಸಿ ಬಂದನಂತೆ. ಯಾಕೆ, ಮೊದಲಿನದು ಚೆನ್ನಾಗಿರಲಿಲ್ಲವೇ ಎಂದೆ.

"ಯಾಕೆ ಅಂತ ನಿಂಗೇ ಗೊತ್ತಲ್ಲ" ಎಂದ. ಚಹಾ ಕುಡಿಯದೇ ಹೋದ. ಅಮ್ಮ ಕೇಳಿದಳು, "ಏನಂದ್ಯೇ ಅವನಿಗೆ?" ನಾನು ಏನೂ ಅಂದಿಲ್ಲ. ಅಂದೆನೇ?

ಏಪ್ರಿಲ್ 9, ಮಂಗಳವಾರ. ಸಂಜೆ

ಅಮ್ಮನ ಮಂಡಿನೋವಿನ ಮುಲಾಮು ತರಲು ಔಷಧಿ ಅಂಗಡಿಗೆ ಹೋಗಿದ್ದೆ. ರೇಡಿಯೋದಲ್ಲಿ ನಮ್ಮ ಹಾಡು! ಮೊದಲ ಸಲ. ಅಂಗಡಿಯವನಿಗೆ ಹೇಳಬೇಕೆಂದು ಬಾಯಿ ತೆರೆದೆ. ಹೇಳಲಿಲ್ಲ. ಕೇಳುತ್ತಾ ನಿಂತುಬಿಟ್ಟೆ.

ನನ್ನ ಧ್ವನಿ ಬಿಡು, ಅದನ್ನು ಕೇಳಿದರೆ ಯಾವಾಗಲೂ ಮೈ ಹಿಡಿಯಾಗುತ್ತದೆ. ಡ್ರಮ್ಸು. ಅಯ್ಯೋ, ಆ ಡ್ರಮ್ಸು. ಪಕ್ಕದ ಕೋಣೆಯಲ್ಲಿ ಯಾರೋ ತಮ್ಮಷ್ಟಕ್ಕೆ ನಡೆದಾಡುತ್ತಿರುವ ಹಾಗೆ, ಮೆತ್ತಗೆ, ಸ್ವಲ್ಪ ಸೋಮಾರಿಯಾಗಿ. ದೊಡ್ಡ ಏಟುಗಳ ನಡುವೆ ಸಣ್ಣ ಸಣ್ಣವು, ಇವೆಯೋ ಇಲ್ಲವೋ ಎನ್ನುವಂಥವು. ಬೀಳುತ್ತೇನೆ ಬೀಳುತ್ತೇನೆ ಎಂದು ಹೆದರಿಸಿ ಸರಿಯಾದ ಕಡೆ ಬಂದು ಕೂರುತ್ತದೆ. ಹಾಡುವವಳನ್ನು ಎತ್ತಿಕೊಂಡು ಹೋಗುತ್ತದೆ.

ಇದು ಗಡಿಯಾರನೇ? ಆ ದಿನ ನನ್ನೆದುರು ಸ್ಕೇಲು ಹಿಡಿದು ಗೆರೆ ಎಳೆದಂತೆ ಬಾರಿಸಿದವನು? ಒಳಗೆ ಇಷ್ಟೆಲ್ಲ ಇಟ್ಟುಕೊಂಡು ಸುಮ್ಮನಿದ್ದನೇ!

ಹಾಡು ಮುಗಿದು ಜಾಹೀರಾತು ಬಂತು. ಅಂಗಡಿಯವನು ಎರಡು ಸಲ ಕೂಗಿದನಂತೆ. ಮುಲಾಮು ಬಿಟ್ಟು ಬಂದಿದ್ದೇನೆ.

ಏಪ್ರಿಲ್ 10

ರೆಕಾರ್ಡ್ ಬಂತು. ಹಿಂಬದಿ ಹೆಸರುಗಳಿವೆ. ಹಾಡಿದವರು ನಾನು. ಬೇಸ್ ಅಣ್ಣ. ಡ್ರಮ್ಸ್ ಅವನು. ಅಚ್ಚಾಗಿದೆ. ಇನ್ನೇನು ಅನುಮಾನ.

ಹೊಟ್ಟೆಕಿಚ್ಚು. ಸುತ್ತಿ ಬಳಸಿ ಹೇಳುವುದೇಕೆ, ಅದೇ. ಬೆಳಗ್ಗೆಯಿಂದ ಎದೆಯಲ್ಲಿ ಕೆಂಡ. ಇಷ್ಟು ವರ್ಷ ನಾನು ಮಾಡಿದ್ದೇನು? ಕುಟ್ಟಿದ್ದು. ಹಿಟ್ಟು ಕುಟ್ಟಿದ ಹಾಗೆ. ಮುಂದೆ ಬನ್ನಿ ಎಂದು ಕಂಪನಿಯವರು ಕರೆದದ್ದು ನನ್ನ ಹಾಡು ಮೆಚ್ಚಿ ಎಂದುಕೊಂಡಿದ್ದೆ. ಡ್ರಮ್ಸಿನಿಂದ ಏಳಿಸುವುದಕ್ಕೇ ಇರಬೇಕು. ಮರ್ಯಾದೆಯಾಗಿ ಹೇಳಿದ್ದಾರೆ ಪಾಪ.

ಅಣ್ಣನ ಮುನಿಸೂ ಈಗ ಅರ್ಥವಾಯಿತು. ಇಂಥವನ ಜೊತೆ ನುಡಿಸಿ ರುಚಿ ಕಂಡಿದ್ದಾನೆ. ಈಗ ನನ್ನ ಮುಖ ನೋಡಲು ಸಂಕೋಚ.

ಮ್ಯಾನೇಜರ್‌ಗೆ ಫೋನ್ ಮಾಡಿ ಹೂಂ ಎಂದೆ. ಎಲ್ಲ ಕಾರ್ಯಕ್ರಮಕ್ಕೂ ನಿಂತೇ ಹಾಡುತ್ತೇನೆ. ಅವಳು ಕುಣಿದಾಡಿದಳು. ನಾನು ಫೋನಿಟ್ಟು ಸ್ನಾನದ ಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಏಪ್ರಿಲ್ 13

ನನ್ನ ಸ್ನೇರ್ ಡ್ರಮ್ಮನ್ನು ಗಡಿಯಾರನಿಗೆ ಕೊಟ್ಟು ಬಂದೆ. ಹಿತ್ತಾಳೆಯದು, ಅಣ್ಣ ತನ್ನ ಸ್ಕೂಟರ್ ಮಾರಿ ತಂದುಕೊಟ್ಟಿದ್ದು. ಮನೆಯಲ್ಲಿಟ್ಟುಕೊಂಡು ದಿನಾ ನೋಡಲಾರೆ. ಚೆನ್ನಾಗಿ ಬಾರಿಸುವವನ ಕೈಯಲ್ಲಿರಲಿ.

ಅವನು ಕಕ್ಕಾಬಿಕ್ಕಿಯಾದ. "ಬೇಡಕ್ಕಾ. ನನಗೆ ಇದು... ದಯವಿಟ್ಟು ಬೇಡ."

"ಇಟ್ಕೊಳಪ್ಪಾ. ಆ ಹಾಡಲ್ಲಿ ಬಾರಿಸಿದೋರ ಹತ್ರಾನೇ ಇರ್ಬೇಕು ಇದು."

ಅವನ ಮುಖ ಬಿಳಿಚಿಕೊಂಡಿತು. ವಿನಯ ಇರಬೇಕು. ಅವನ ಹೆಂಡತಿ ಕೊಟ್ಟ ನೀರನ್ನು ನಾನು ಕುಡಿದೆ, ಅವನೂ ಕುಡಿದ. ಇಬ್ಬರೂ ಖಾಲಿ ಗ್ಲಾಸು ನೋಡುತ್ತಾ ಕೂತಿದ್ದೆವು.

ಏಪ್ರಿಲ್ 19. ರಿಹರ್ಸಲ್

ನಿಂತು ಹಾಡಲು ಕಲಿಯುತ್ತಿದ್ದೇನೆ. ಕೈಗೆ ಕೆಲಸವಿಲ್ಲ. ಮೈಕ್ ಕಂಬವನ್ನು ಹಿಡಿದುಕೊಂಡರೆ ಬಸ್ಸಿನಲ್ಲಿ ನಿಂತ ಹಾಗೆ. ಸೊಂಟದ ಮೇಲೆ ಇಟ್ಟರೆ ಅಮ್ಮ ಬಯ್ಯುವ ಭಂಗಿ. ಸಾಲುಗಳು ತಡವಾಗುವುದು ಈಗ ಕಡಿಮೆ. ಪೂರ್ತಿ ನಿಂತಿಲ್ಲ.

ಆದರೆ ಗಡಿಯಾರನ ವಿಷಯ ತಿಳಿಯುತ್ತಿಲ್ಲ. ಆ ಹಾಡು ಬಂದರೆ ಮತ್ತೆ ಅದೇ ಸ್ಕೇಲು, ಅದೇ ಗೆರೆ. ರೆಕಾರ್ಡಿನಲ್ಲಿದ್ದದ್ದು ಒಂದು ಚೂರೂ ಇಲ್ಲ. ನನಗೆ ನೋವಾಗಬಾರದು ಎಂದು ಬೇಕೆಂದೇ ಸಪ್ಪೆಯಾಗಿ ಬಾರಿಸುತ್ತಿದ್ದಾನೆ! ಕರುಣೆ ಯಾರಿಗೆ ಬೇಕು? ಎಲ್ಲರೆದುರಿಗೆ ಹೇಳಿದೆ:

"ರೆಕಾರ್ಡಲ್ಲಿ ಬಾರಿಸಿದ ಹಾಗೆ ಬಾರಿಸಪ್ಪಾ. ನನ್ನ ನೋಡಿ ಸಂಕೋಚ ಪಡ್ಬೇಡ."

ನಮ್ಮ ಕೀಬೋರ್ಡ್ ನುಡಿಸುವವನು ಕೆಮ್ಮಿದ. ಗಡಿಯಾರ ತಲೆ ತಗ್ಗಿಸಿದ. ಅಣ್ಣ ನನ್ನ ಕಡೆ ನೋಡಿದ ನೋಟ — ಯಾರನ್ನೋ ನೋಡಿದಂತೆ. ಗಿಟಾರನ್ನು ಚೀಲಕ್ಕೆ ಹಾಕಿಕೊಂಡು ಅರ್ಧಕ್ಕೇ ಹೊರಟುಹೋದ.

ಒಳ್ಳೆಯ ಮಾತು ಹೇಳಿದರೂ ತಪ್ಪೇ? ನನಗೆ ಯಾರ ತಲೆಬುಡವೂ ಅರ್ಥವಾಗುತ್ತಿಲ್ಲ.

ಏಪ್ರಿಲ್ 28, ಭಾನುವಾರ

ನಿನ್ನೆ ಮೊದಲ ಕಾರ್ಯಕ್ರಮ, ಸಣ್ಣ ಹಾಲ್. ಮುಂದೆ ನಿಂತೆ. ನಿಜ ಬರೆಯುತ್ತೇನೆ, ಇಲ್ಲಿ ಯಾರಿಗೆ ಹೆದರಬೇಕು... ಇಷ್ಟವಾಯಿತು. ಜನ ನನ್ನ ಮುಖ ನೋಡುತ್ತಿದ್ದರು. ನಾನು ನಕ್ಕರೆ ಮುಂದಿನ ಸಾಲಿನವರೂ ನಗುತ್ತಿದ್ದರು. ನನಗೊಂದು ಮುಖವಿದೆ ಎಂಬುದೇ ಮರೆತಿತ್ತು. ಮನೆಗೆ ಬಂದು ಕನ್ನಡಿಯಲ್ಲಿ ನೋಡಿಕೊಂಡೆ. ಪರವಾಗಿಲ್ಲ.

ಆದರೆ ಹಾಡಿನ ಮಧ್ಯೆ ಹಿಂದೆ ತಿರುಗಿ ತಿರುಗಿ ನೋಡುತ್ತಿದ್ದೆನಂತೆ. "ಹಿಂದೆ ಏನಿದೆ ಮೇಡಂ?" ಎಂದು ಮ್ಯಾನೇಜರ್ ಕೇಳಿದಳು. ಗೊತ್ತಿಲ್ಲ ಎಂದೆ. ಅಣ್ಣ ಇದ್ದ. ಎಲ್ಲಿ ನೋಡಬೇಕೋ ತಿಳಿಯದೆ ತನ್ನ ಬೂಟು ನೋಡಿಕೊಂಡು ನುಡಿಸುತ್ತಿದ್ದ.

ಮೇ 3. ಮಧ್ಯಾಹ್ನ

ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಓಡುತ್ತಿವೆ.

ಗಡಿಯಾರ ಬಂದಿದ್ದ. ಸ್ನೇರ್ ಡ್ರಮ್ಮನ್ನು ಮಗುವಿನ ಹಾಗೆ ಎದೆಗೆ ಅವಚಿಕೊಂಡು. ಒಳಗೆ ಬಾ ಎಂದರೂ ಬಾಗಿಲಲ್ಲೇ ನಿಂತ.

"ಅಕ್ಕಾ, ಎಷ್ಟು ಸಲ ಚುಚ್ತೀರಿ? ಒಂದೇ ಸಲ ಬೈದ್ಬಿಡಿ."

"ಯಾರು ಚುಚ್ಚಿದ್ರೋ?"

"ಬಾರಿಸಿದೋರ ಹತ್ರ ಇರ್ಲಿ ಅಂತ ಇದನ್ನ ತಂದ್ಕೊಟ್ರಿ. ರೆಕಾರ್ಡಲ್ಲಿದ್ದ ಹಾಗೆ ಬಾರಿಸು ಅಂತ ಎಲ್ಲರೆದುರಿಗೆ ಅಂದ್ರಿ. ಹೆಸರು ಹಾಕ್ಸಿದ್ದು ನಾನಲ್ಲ. ಬೇಡ ಅಂತ ಹೇಳ್ದೆ, ಆಗ್ಲೇ ಅಚ್ಚಾಗಿತ್ತು. ನಾನೂ ದಿನಾ ಕೂತು ಕಲೀತಾ ಇದೀನಕ್ಕಾ. ಬರ್ತಿಲ್ಲ. ಆ ಸಣ್ಣ ಏಟುಗಳು ಯಾವ ಕೈಲಿ ಬರುತ್ವೆ ಅಂತಾನೇ ಗೊತ್ತಾಗ್ತಿಲ್ಲ. ಅದಕ್ಕೇ ಬಂದೆ. ಹೇಳ್ಕೊಡಿ."

"ನೀನು ಬಾರಿಸಿದ್ದನ್ನ ನಾನು ಹೇಳ್ಕೊಡೋದಾ?"

ನನ್ನ ಮುಖವನ್ನೇ ನೋಡಿದ. ತಮಾಷೆಯೋ ನಿಜವೋ ಎಂದು ಹುಡುಕುವ ಹಾಗೆ. ಆಮೇಲೆ ನಿಧಾನಕ್ಕೆ, ಕಿವುಡರಿಗೆ ಹೇಳುವಂತೆ ಹೇಳಿದ.

"ಅಕ್ಕಾ. ಅದು ನೀವು. ಟವೆಲ್ ಮೇಲೆ ಬಾರಿಸಿದ್ರಲ್ಲ, ಅದು. ನನ್ನದನ್ನ ಪೂರ್ತಿ ತೆಗೆದ್ಹಾಕಿ ಅದನ್ನೇ ಇಟ್ಕೊಂಡ್ರು. ನಿಮಗೆ... ನಿಮಗೆ ಹೇಳಿಲ್ವಾ?"

ಅಮ್ಮ ಒಳಗಿನಿಂದ, "ಯಾರೇ ಬಂದಿರೋದು? ನಿಂತೇ ಇದೀರಲ್ಲ" ಎಂದಳು. ನಾನು ಕೂತುಬಿಟ್ಟೆ. ಚಪ್ಪಲಿ ಬಿಡುವ ಜಾಗದಲ್ಲೇ.

ಅದೇ ದಿನ. ಸಂಜೆ

ರೆಕಾರ್ಡ್ ಹಾಕಿ ಕೇಳಿದೆ. ಮತ್ತೆ ಕೇಳಿದೆ. ಈಗಲೂ ನನ್ನದು ಅನ್ನಿಸುತ್ತಿಲ್ಲ. ಯಾರೋ ಪರಿಚಯವಿಲ್ಲದ ಹೆಂಗಸು ನನ್ನ ಬೆನ್ನ ಹಿಂದೆ ಕೂತು ಬಾರಿಸುತ್ತಿದ್ದಾಳೆ.

ಹೊಟ್ಟೆಕಿಚ್ಚು ಪಟ್ಟಿದ್ದು ಯಾರ ಮೇಲೆ? ಅತ್ತದ್ದು ಯಾಕೆ? ಬಿಟ್ಟುಕೊಟ್ಟಿದ್ದು ಯಾರಿಗೆ? ಖುಷಿಪಡಬೇಕು ತಾನೇ ಈಗ? ಖುಷಿ ಬರಲಿ ಎಂದು ಕಾದು ಕೂತಿದ್ದೇನೆ. ಸಿಟ್ಟು ಬರುತ್ತಿದೆ.

ಮ್ಯಾನೇಜರ್‌ಗೆ ಫೋನ್ ಮಾಡಿದೆ. ಇಂಜಿನಿಯರ್ ಹೇಳಿದ್ದಾನೆ ಎಂದುಕೊಂಡಿದ್ದಳಂತೆ. ಇಂಜಿನಿಯರ್‌ಗೆ ಮಾಡಿದೆ. ಮ್ಯಾನೇಜರ್ ಹೇಳಿರುತ್ತಾಳೆ ಎಂದುಕೊಂಡಿದ್ದನಂತೆ. "ಅಲ್ಲದೆ ಮೇಡಂ, ಹಾಡು ಕೇಳಿದ್ರಲ್ಲ ನೀವು, ಕೇಳಿದ್ಮೇಲೆ ಗೊತ್ತಾಗಿರುತ್ತೆ ಅಂದ್ಕೊಂಡೆ." ಫೋನಿಟ್ಟೆ.

ಮೇ 4

ಅಣ್ಣನ ಮನೆಗೆ ಹೋದೆ. ಕಾರ್ಯಕ್ರಮದ ಅಂಗಿಗೆ ಇಸ್ತ್ರಿ ಹಾಕುತ್ತಿದ್ದ. ಬಾ ಎನ್ನಲಿಲ್ಲ.

"ಅಣ್ಣಾ, ರೆಕಾರ್ಡಲ್ಲಿ ಡ್ರಮ್ಸ್ ಬಾರಿಸಿರೋದು ಯಾರು?"

"ಇದೇನು, ಪರೀಕ್ಷೆನಾ?"

"ಹೇಳು."

"ನೀನು. ಇನ್ಯಾರು?"

"ನಿಂಗ್ಯಾವಾಗ ಗೊತ್ತಾಯ್ತು?"

"ಯಾವಾಗ ಅಂದ್ರೆ? ಅದರ ಮೇಲೆ ಬೇಸ್ ನುಡಿಸೋಕೆ ತಾನೇ ನನ್ನ ಮತ್ತೆ ಕರ್ದಿದ್ದು. ಸ್ಪೀಕರಲ್ಲಿ ಬಂದ ತಕ್ಷಣ ಕಣ್ಮುಚ್ಕೊಂಡೆ. ನೀನು ಎದುರಿಗೇ ಕೂತಿದ್ದೆ."

"ಮತ್ತೆ ನಂಗ್ಯಾಕೆ ಹೇಳ್ಲಿಲ್ಲ?"

ಈಗ ಇಸ್ತ್ರಿ ನಿಂತಿತು. "ನಿನ್ನ ಕೈ ವಿಷಯ ನಿಂಗೆ ನಾನು ಹೇಳ್ಬೇಕಿತ್ತಾ?"

ನನಗೆ ಗೊತ್ತಿರಲಿಲ್ಲ ಎಂದೆ. ನಗಲು ಹೋದ, ನನ್ನ ಮುಖ ನೋಡಿ ನಿಲ್ಲಿಸಿದ. ಔಷಧಿ ಅಂಗಡಿಯಿಂದ ಶುರುಮಾಡಿ ಎಲ್ಲ ಹೇಳಿದೆ. ಹೊಟ್ಟೆಕಿಚ್ಚು, ಸ್ನಾನದ ಮನೆಯ ನಲ್ಲಿ, ಎಲ್ಲ. ಅವನು ಗೋಡೆಗೆ ಒರಗಿ ಕೇಳಿದ.

"ನೀನೇ ಒಪ್ಕೊಂಡಿದೀಯ ಅಂದ್ಕೊಂಡೆ ಕಣೇ. ಮುಂದೆ ನಿಲ್ಲೋ ಆಸೆಗೆ ನೀನು ಬಾರಿಸಿದ್ದನ್ನೇ ಅವನ ಹೆಸರಿಗೆ ಬರ್ಕೊಟ್ಟೆ ಅಂತ. ಆಮೇಲೆ ಆ ಸ್ನೇರನ್ನೂ ತಗೊಂಡ್ಹೋಗಿ ಕೊಟ್ಟೆ. ರಿಹರ್ಸಲಲ್ಲಿ ಅವನನ್ನ ಬೇರೆ ಆಡ್ಕೊಂಡೆ. ಇವಳು ನನ್ನ ತಂಗೀನಾ ಅಂತ ಹೊಟ್ಟೆ ಉರೀತು."

"ನಿಂಗೆ ಅವನೇ ಇಷ್ಟ ಆಗಿದಾನೆ ಅಂದ್ಕೊಂಡಿದ್ದೆ ನಾನು."

"ಗಡಿಯಾರಾನಾ? ಒಳ್ಳೆ ಹುಡುಗ. ಅವನ ಜೊತೆ ನುಡಿಸೋದಂದ್ರೆ ಆಫೀಸಿಗೆ ಹೋಗಿ ಸಹಿ ಹಾಕ್ದಂಗೆ." ಮೂಗು ಒರೆಸಿಕೊಂಡ. ಅಷ್ಟರಲ್ಲಿ ವಾಸನೆ. ಅಂಗಿಯ ತೋಳಿನ ಮೇಲೆ ಕಂದು ಬಣ್ಣದ ಇಸ್ತ್ರಿಪೆಟ್ಟಿಗೆಯ ಅಚ್ಚು. ಇಬ್ಬರೂ ಅದನ್ನೇ ನೋಡುತ್ತಾ ನಕ್ಕೆವು, ಅತ್ತೆವು. ಅತ್ತಿಗೆ ಬಂದು ಇಬ್ಬರಿಗೂ ಬೈದಳು.

ಮೇ 5

ಬಾರಿಸಲು ಬರುತ್ತಿಲ್ಲ.

ಅಣ್ಣನ ಮನೆಯ ಕೆಳಗಿನ ಕೋಣೆಯಲ್ಲಿ ಸೆಟ್ಟು ಹಾಕಿ ಕೂತೆವು, ನಾವಿಬ್ಬರೇ. ಸ್ನೇರ್ ವಾಪಸ್ ಬಂದಿದೆ. ಬೇರೆ ಹಾಡೆಲ್ಲ ಬಂದವು. ಆ ಹಾಡು ಶುರು ಮಾಡಿದರೆ — ಹೆಜ್ಜೆ ನೋಡಿಕೊಂಡು ಮೆಟ್ಟಿಲು ಇಳಿದ ಹಾಗೆ ಆಯಿತು. ಪ್ರತಿ ಏಟಿಗೂ ಕಿವಿಗೊಡುತ್ತೇನೆ. ಇದೇನಾ? ಹೀಗೇನಾ? ಕೇಳಿದ ಕೂಡಲೇ ಕೆಡುತ್ತದೆ. ರೆಕಾರ್ಡಿನ ಆ ಹೆಂಗಸು ಹೇಗೆ ಬಾರಿಸಿದಳು ಎಂದು ನೆನೆದರೆ ನನ್ನ ಕೈ ಅವಳನ್ನು ನಕಲು ಮಾಡಲು ಹೋಗಿ ಮುಗ್ಗರಿಸುತ್ತದೆ.

"ಕೇಳ್ಬೇಡ್ವೇ. ಸುಮ್ನೆ ಹಾಡು."

"ಕೇಳ್ದೆ ಹೇಗಿರ್ಲಿ? ಈಗ ಗೊತ್ತಾಗ್ಬಿಟ್ಟಿದೆಯಲ್ಲ!"

ಹಾಗಾದರೆ ಆ ಹಾಡು ಈಗ ಯಾರಿಗೂ ಬರುವುದಿಲ್ಲ. ಗಡಿಯಾರನಿಗೂ ಬರುವುದಿಲ್ಲ, ನನಗೂ ಬರುವುದಿಲ್ಲ. ಒಳ್ಳೆ ಫಜೀತಿ.

ಮೇ 7. ಹಲ್ಲಿನ ಡಾಕ್ಟರ ಮೇಲಿನ ಆಫೀಸು

ಮುಂದಿನ ಸಲ ಅಚ್ಚು ಹಾಕಿಸುವಾಗ ಹೆಸರು ಸರಿಮಾಡುತ್ತಾರಂತೆ. ಮ್ಯಾನೇಜರ್ ಕೈಮುಗಿದು ಕ್ಷಮೆ ಕೇಳಿದಳು, ಮನಸ್ಸಿನಿಂದಲೇ ಕೇಳಿದಳು. ಮತ್ತೆ ಡ್ರಮ್ಸಿಗೆ ಕೂರುತ್ತೇನೆ ಎಂದೆ. ಮುಖ ಚಿಕ್ಕದಾಯಿತು.

"ಪೋಸ್ಟರಲ್ಲಿ ನೀವು ನಿಂತಿದೀರಿ ಮೇಡಂ."

"ಡ್ರಮ್ಸನ್ನೇ ಮುಂದೆ ತಂದಿಡಿ."

ಎಲ್ಲ ಹಾಲ್‌ಗಳಿಗೂ ವೇದಿಕೆಯ ನಕ್ಷೆ, ದೀಪದ ಜಾಗ ಕಳಿಸಿಯಾಗಿದೆಯಂತೆ. "ಒಂದು ಮಾತು ಕೇಳ್ಲಾ? ಮೊನ್ನೆ ಮುಂದೆ ನಿಂತಾಗ ನಿಮಗೆ ಚೆನ್ನಾಗಿರ್ಲಿಲ್ವಾ? ನಾನು ನೋಡ್ತಾ ಇದ್ದೆ. ಅಷ್ಟು ನಕ್ಕಿದ್ದನ್ನ ನಾನು ಯಾವತ್ತೂ ನೋಡಿಲ್ಲ."

ಸುಳ್ಳು ಹೇಳಲು ಬಾಯಿ ಬರಲಿಲ್ಲ. ಚೆನ್ನಾಗಿತ್ತು. ಅದೂ ನಿಜ, ಇದೂ ನಿಜ. ಶನಿವಾರ ದೊಡ್ಡ ಹಾಲ್. ಅಷ್ಟರಲ್ಲಿ ನಾನು ಯಾರೆಂದು ಗೊತ್ತುಮಾಡಿಕೊಳ್ಳಬೇಕು. ಬಾಲ ಸುಟ್ಟ ಬೆಕ್ಕಿನ ಹಾಗೆ ಮನೆ ತುಂಬ ಓಡಾಡುತ್ತಿದ್ದೇನೆ. ಅಮ್ಮ, "ನಿಂತೋ ಕೂತೋ, ಒಂದು ಕಡೆ ಇರೇ" ಎನ್ನುತ್ತಾಳೆ. ಅದೇ ತಾನೇ ಸಮಸ್ಯೆ.

ಮೇ 11, ಶನಿವಾರ. ಇಂಟರ್ವಲ್

ಮೊದಲರ್ಧ ಮುಗಿಯಿತು. ನಿಂತೇ ಹಾಡಿದೆ. ಜನ ಬಾಲ್ಕನಿವರೆಗೂ. ಚಪ್ಪಾಳೆ ಕೇಳಿ ಕಿವಿ ಇನ್ನೂ ಗುಂಯ್ ಎನ್ನುತ್ತಿದೆ. ಎಲ್ಲ ಚೆನ್ನಾಗಿತ್ತು. ಮುಂದೆ ನಿಂತರೆ ಎಲ್ಲರೂ ಕಾಣುತ್ತಾರೆ. ಹಾಡಿನ ಮಧ್ಯೆ ಒಂದು ಕಡೆ ಹಿಂದಿನಿಂದ ಬೇಸ್ ಒಂದು ಕುಚೋದ್ಯ ಮಾಡಿತು, ನಾನು ಕೂತಿದ್ದಾಗ ನನ್ನನ್ನು ನಗಿಸಲು ಮಾಡುವಂಥದ್ದು. ತಿರುಗಿದೆ. ಅಣ್ಣ ಆಗಲೇ ತಲೆ ತಗ್ಗಿಸಿದ್ದ. ಅಷ್ಟು ಜನರೆದುರು ನಿಂತು ಒಂಟಿ ಅನ್ನಿಸಿತು. ಹೀಗೆ ಬರೆದರೆ ನಾಟಕದ ಮಾತಿನ ಹಾಗೆ ಕಾಣುತ್ತದೆ. ಅನ್ನಿಸಿದ್ದು ಹಾಗೇ.

ಬೆಲ್ ಆದ ಮೇಲೆ ಮೊದಲು ಆ ಹಾಡೇ. ಗಡಿಯಾರ ಬಂದು ಪಿಸುಗುಟ್ಟಿದ, "ಅಕ್ಕಾ, ಅದೊಂದಕ್ಕೆ ನೀವೇ ಕೂರಿ. ಮಿಕ್ಕಿದ್ದಕ್ಕೆ ನಾನಿದೀನಿ. ನಿಮ್ಮ ಹಾಡನ್ನ ಜನರೆದುರು ಕೆಡಿಸೋಕೆ ನನ್ನ ಕೈಲಾಗಲ್ಲ." ಕೆಡಿಸುವುದಾದರೆ ನಾನೇ ಕೆಡಿಸುತ್ತೇನೆ ಎಂದೆ. ನಕ್ಕ. ನಾನು ತಮಾಷೆಗೆ ಅಂದಿರಲಿಲ್ಲ.

ಮೈಕನ್ನು ಡ್ರಮ್ಸಿನ ಹತ್ತಿರ ಹಾಕಲು ವೇದಿಕೆಯವರಿಗೆ ಹೇಳಿಬಂದೆ. ಮ್ಯಾನೇಜರ್ ಓಡಿಬಂದಳು. "ಜನ ನಿಮ್ಮನ್ನ ನೋಡೋಕೆ ಬಂದಿದಾರೆ!"

"ಒಂದರ್ಧ ನೋಡಿದ್ರಲ್ಲ."

ಹೇಳಿದೆ, ಸರಿ. ಕಾಲು ತಣ್ಣಗಾಗಿದೆ. ಹೋಗಿ ಕೂತು ಅಷ್ಟು ಜನರ ಮಧ್ಯೆ ಮತ್ತೆ ನನ್ನ ಕೈಯನ್ನೇ ಕೇಳಲು ಶುರುಮಾಡಿದರೆ? ಕೇಳಬೇಕೆಂಬ ಆಸೆ ಇದೆ. ನಾನು ಬಾರಿಸುವಾಗ ಎಲ್ಲರಿಗೂ ಕೇಳಿಸಿದ್ದು ನನಗೊಬ್ಬಳಿಗೆ ಕೇಳಿಸಿಲ್ಲವಲ್ಲ. ಬೇಡ. ಇವತ್ತೂ ಬೇಡ. ಅಣ್ಣನಿಗೆ ಕೇಳಿಸಿದರೆ ಸಾಕು. ಸಾಕೇ? ಸಾಕು ಎಂದು ಬರೆದಿದ್ದೇನೆ, ಹೊಡೆದು ಹಾಕುವುದಿಲ್ಲ.

ಬೆಲ್ ಆಯಿತು. ಅಣ್ಣ ಗಿಟಾರ್ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಾನೆ. ಡ್ರಮ್ಸಿಗೆ ನಾನು ಕೂರುತ್ತೇನೆಂದು ಅವನಿಗೆ ಇನ್ನೂ ಯಾರೂ ಹೇಳಿಲ್ಲ. "ಏನ್ ಬರೀತಿದೀಯೇ ಈಗ? ನಾನು ಯಾವ ಕಡೆ ತಿರುಗಿ ನಿಂತ್ಕೊಳ್ಲಿ, ಅದನ್ನಾದ್ರೂ ಹೇಳು" ಎನ್ನುತ್ತಿದ್ದಾನೆ. ಹೇಳೋಣವೆಂದರೆ ಮಾತಿನ ಜೊತೆ ಅಳುವೂ ಬರುತ್ತದೆ. ಇಲ್ಲೇ ಬರೆದು ತೋರಿಸಿಬಿಡುತ್ತೇನೆ — ಅಣ್ಣಾ, ನನ್ನ ಕಡೆ